ಬುದ್ಧಿ ಕಲಿಸುವುದು ಅಂದ್ರೆ ಯಾವುದು? ಟೇಪು, ಗಡಿಯಾರ ಹಿಡಿದು ಕೆನಡಾದ ಜೈಲು ನೋಡಿದಾಗ

"ಅವನಿಗೆ ಸರಿಯಾಗಿ ಬುದ್ಧಿ ಕಲಿಸ್ಬೇಕು." ಮೇಷ್ಟ್ರು ಹೇಳಿದರೆ ಇದು ಪಾಠ. ಬೀದಿಯಲ್ಲಿ ತೋಳು ಮಡಚಿ ನಿಂತವನು ಹೇಳಿದರೆ ಏಟು. ನಮ್ಮಲ್ಲಿ ಎರಡಕ್ಕೂ ಒಂದೇ ಮಾತು. ಜೈಲು ಯಾಕಿರಬೇಕು ಅನ್ನುವ ಪ್ರಶ್ನೆಯ ಅರ್ಧ ಗೊಂದಲ ಈ ಮಾತಿನಲ್ಲೇ ಕೂತಿದೆ. ತಪ್ಪು ಮಾಡಿದವನು ಕಂಬಿ ಎಣಿಸಿ ನೋಯಲಿ ಅನ್ನುವುದಾ, ಕಲಿತು ಬರಲಿ ಅನ್ನುವುದಾ? ಎರಡೂ ಅಂದರೆ, ದಿನದ 24 ಗಂಟೆಯಲ್ಲಿ ಯಾವುದಕ್ಕೆ ಎಷ್ಟು?

ಈ ಗೊಂದಲವನ್ನು ಹತ್ತಿರದಿಂದ ನೋಡಲು ಕೆನಡಾ ಒಳ್ಳೆಯ ಜಾಗ. ಅಲ್ಲಿನ ಜೈಲುಗಳು ವಿಶೇಷವಾಗಿ ಒಳ್ಳೆಯವು ಅಂತಲ್ಲ. ಆದರೆ ಜೈಲಿನ ಬಗ್ಗೆ ಅಷ್ಟು ಬರೆದಿಟ್ಟ ದೇಶ ಕಮ್ಮಿ. ಎರಡು ಮೂರು ದಶಕಕ್ಕೊಮ್ಮೆ ಒಂದು ಗಲಾಟೆ, ಅದರ ಹಿಂದೆ ಒಂದು ಆಯೋಗ, ಅದರ ಹಿಂದೆ ದಪ್ಪನೆಯ ವರದಿ. ಪ್ರತಿ ವರದಿಗೂ ಸುಂದರವಾದ ಮುನ್ನುಡಿ ಇರುತ್ತದೆ. ನಾನು ಅದನ್ನು ಬದಿಗಿಡುತ್ತೇನೆ. ಟೇಪು ಮತ್ತು ಗಡಿಯಾರ ಹಿಡಿದರೆ ಸಾಕು. ಕೋಣೆ ಎಷ್ಟಗಲ, ಬಾಗಿಲು ಎಷ್ಟು ಹೊತ್ತು ತೆರೆದಿತ್ತು? ಆ ಕಾಲದವರು ಕೈದಿಯನ್ನು ಏನೆಂದುಕೊಂಡಿದ್ದರು ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

29 ಇಂಚು

ಒಂಟಾರಿಯೋ ಸರೋವರದ ದಂಡೆಯಲ್ಲಿ ಕಿಂಗ್‌ಸ್ಟನ್ ಅಂತ ಒಂದು ಊರು. ಅಲ್ಲಿ ಸುಣ್ಣಕಲ್ಲಿನ ದೊಡ್ಡ ಜೈಲು. 1835ರ ಜೂನ್ 1ರಂದು ಮೊದಲ ಆರು ಕೈದಿಗಳು ಒಳಗೆ ಹೋದರು. ಕೊನೆಯವರು ಖಾಲಿ ಮಾಡಿ, ಬಾಗಿಲು ಮುಚ್ಚಿದ್ದು 2013ರ ಸೆಪ್ಟೆಂಬರ್ 30ಕ್ಕೆ. ಕೆನಡಾ ಒಕ್ಕೂಟ ಹುಟ್ಟಿದ್ದು 1867ರಲ್ಲಿ. ಅಂದರೆ ದೇಶಕ್ಕಿಂತ ಜೈಲೇ 32 ವರ್ಷ ದೊಡ್ಡದು.

ಮೊದಮೊದಲ ಕೋಣೆಗಳ ಅಳತೆ ಹೀಗಿತ್ತು: ಅಗಲ 73.7 ಸೆಂಟಿಮೀಟರ್, ಉದ್ದ 244, ಎತ್ತರ ಸುಮಾರು 200. ಅಗಲ 29 ಇಂಚು ಅನ್ನುವುದು ತಲೆಗೆ ಇಳಿಯಲಿಲ್ಲ. ಎದ್ದು ಹೋಗಿ ನಮ್ಮ ಮನೆಯ ಬಚ್ಚಲಿನ ಬಾಗಿಲನ್ನು ಅಳೆದೆ. 30 ಇಂಚು. ಅಂದರೆ ಕೋಣೆಯ ಅಗಲ ಒಂದು ಬಚ್ಚಲುಬಾಗಿಲಿಗಿಂತ ಕಮ್ಮಿ. ಎರಡೂ ಮೊಣಕೈ ಅಗಲಿಸಿದರೆ ಗೋಡೆ ತಾಗುತ್ತದೆ. ಮಂಚವನ್ನು ಗೋಡೆಗೆ ಮಡಚಿದರಷ್ಟೇ ನಿಲ್ಲಲು ಜಾಗ.

ಇದು ಬರೀ ಜಿಪುಣತನವಲ್ಲ, ಹಿಂದೆ ಒಂದು ತತ್ವವೂ ಇತ್ತು. ಅದಕ್ಕೂ ಮೊದಲು ಜೈಲೆಂದರೆ ಹೆಚ್ಚುಕಮ್ಮಿ ಕಾಯುವ ಕೋಣೆ. ಅಸಲಿ ಶಿಕ್ಷೆ ಹೊರಗಡೆ, ಜನರ ಎದುರಿಗೆ: ನೇಣು, ಛಡಿ ಏಟು, ಬರೆ, ಗಡಿಪಾರು. ಹೊಸ ಕಾಲದ ಸುಧಾರಕರು ಅದು ಕ್ರೂರ ಎಂದರು. ಮನುಷ್ಯನನ್ನು ಹೊಡೆಯಬೇಡಿ, ಅವನ ಪಾಡಿಗೆ ಅವನನ್ನು ಬಿಡಿ, ದುಡಿಸಿ, ಮಾತು ನಿಲ್ಲಿಸಿ. ತಾನಾಗಿಯೇ ಪಶ್ಚಾತ್ತಾಪ ಪಡುತ್ತಾನೆ ಎಂದರು. ‘ಪೆನಿಟೆನ್ಷಿಯರಿ’ ಅನ್ನುವ ಹೆಸರು ಬಂದದ್ದು ಈ ಪಶ್ಚಾತ್ತಾಪದಿಂದಲೇ. ಮಾದರಿ ಪಕ್ಕದ ನ್ಯೂಯಾರ್ಕ್ ರಾಜ್ಯದ ಆಬರ್ನ್ ಜೈಲಿನದು. ಹಗಲು ಎಲ್ಲರೂ ಸೇರಿ ಬಾಯಿ ಮುಚ್ಚಿಕೊಂಡು ಕೆಲಸ, ರಾತ್ರಿ ಒಬ್ಬೊಬ್ಬರೇ ಕೋಣೆಯಲ್ಲಿ. ಕೋಣೆ ಇರುವುದು ಮಲಗಲು ಮತ್ತು ಮರುಗಲು ಮಾತ್ರ. ಅದಕ್ಕೆ 29 ಇಂಚು ಸಾಕಲ್ವಾ?

1836ರ ನಿಯಮಗಳ ಪ್ರಕಾರ ಕೈದಿಗಳು ಪರಸ್ಪರ ನೋಡಬಾರದು, ಕಣ್ಣು ಹೊಡೆಯಬಾರದು, ನಗಬಾರದು, ತಲೆ ಆಡಿಸಬಾರದು, ಕೈಸನ್ನೆ ಮಾಡಬಾರದು. ಏಳುವುದು, ತಿನ್ನುವುದು, ನಡೆಯುವುದು ಎಲ್ಲಾ ಗಂಟೆಯ ಸದ್ದಿಗೆ. 1842ರಲ್ಲಿ ಇಂಗ್ಲೆಂಡಿನ ಹೆಸರಾಂತ ಕಾದಂಬರಿಕಾರರೊಬ್ಬರು ಈ ಜೈಲು ನೋಡಿಕೊಂಡು ಹೋಗಿ, ಬಹಳ ಚೆನ್ನಾಗಿ ನಡೆಸುತ್ತಿದ್ದಾರೆ ಎಂದು ಹೊಗಳಿ ಬರೆದರು. ಅತಿಥಿಗೆ ಕಂಡದ್ದು ಶಿಸ್ತು ಮತ್ತು ನಿಶ್ಶಬ್ದ. ಆ ನಿಶ್ಶಬ್ದ ಹೇಗೆ ಬಂತೆಂದು ನೋಡಲು ಬೇರೆ ಪುಸ್ತಕ ತೆರೆಯಬೇಕಿತ್ತು.

ತೆರೆದವರು 1848ರ ತನಿಖಾ ಆಯೋಗದವರು. ಅದರ ಕಾರ್ಯದರ್ಶಿ ಜಾರ್ಜ್ ಬ್ರೌನ್, ಟೊರಾಂಟೋದ ಪತ್ರಿಕೆಯ ಒಡೆಯ. ಆಯೋಗದವರು ಕೈಗೆ ತೆಗೆದುಕೊಂಡದ್ದು ಜೈಲಿನದೇ ಶಿಕ್ಷೆಯ ರಿಜಿಸ್ಟರ್. ಹತ್ತು ವರ್ಷದ ಒಬ್ಬ ಹುಡುಗನಿಗೆ ಎಂಟೂವರೆ ತಿಂಗಳಲ್ಲಿ 57 ಸಲ ಛಡಿ ಏಟು ಬಿದ್ದಿತ್ತು. ತಪ್ಪೇನು? ದಿಟ್ಟಿಸಿ ನೋಡಿದ್ದು, ನಕ್ಕಿದ್ದು. ಹತ್ತು ವರ್ಷದ ಮಗು ನಗದೆ ಇನ್ನೇನು ಮಾಡುತ್ತದೆ? ಇನ್ನೊಬ್ಬ ಹನ್ನೊಂದರ ಹುಡುಗನಿಗೆ 1844ರ ಕ್ರಿಸ್‌ಮಸ್ ಹಿಂದಿನ ದಿನ 12 ಏಟು, ಫ್ರೆಂಚ್ ಮಾತಾಡಿದ್ದಕ್ಕೆ. ವಾರ್ಡನ್ ಹೆನ್ರಿ ಸ್ಮಿತ್ ಕೆಲಸ ಕಳೆದುಕೊಂಡ. ಅವನ ಪರ ವಾದಿಸಿದವನು ಕಿಂಗ್‌ಸ್ಟನ್ ಪ್ರತಿನಿಧಿ ಜಾನ್ ಎ. ಮ್ಯಾಕ್‌ಡೊನಾಲ್ಡ್, ಮುಂದೆ ಕೆನಡಾದ ಮೊದಲ ಪ್ರಧಾನಿ. ಬ್ರೌನ್ ಮತ್ತು ಮ್ಯಾಕ್‌ಡೊನಾಲ್ಡ್ ಹಗೆತನ ಬೆಳೆದದ್ದು ಹೀಗೆ. ಮುಂದೆ ಇಬ್ಬರೂ ಸೇರಿಯೇ ದೇಶ ಕಟ್ಟಿದರು, ಅದು ಬೇರೆ ಕಥೆ.

ಜೈಲನ್ನು ಅಧ್ಯಯನ ಮಾಡುವವರಿಗೆ ಇಲ್ಲೇ ಮೊದಲ ಪಾಠ ಸಿಗುತ್ತದೆ. ಹೊಡೆಯಬಾರದು ಅಂತ ಹುಟ್ಟಿದ ತತ್ವವೇ ಮೌನ ಕಾಯಲು ಜಾಸ್ತಿ ಹೊಡೆಯಬೇಕಾಗಿ ಬಂತು. ಮುನ್ನುಡಿಯಲ್ಲಿ ಪಶ್ಚಾತ್ತಾಪ, ರಿಜಿಸ್ಟರಿನಲ್ಲಿ ಛಡಿ.

ಎರಡು ವರ್ಷಕ್ಕೆ ಒಂದು ದಿನ ಕಮ್ಮಿ

ಮುಂದೆ ಹೋಗುವ ಮೊದಲು ವ್ಯವಸ್ಥೆಯ ನಕ್ಷೆ ಗೊತ್ತಿರಲಿ, ಇಲ್ಲದಿದ್ದರೆ ಸುದ್ದಿ ಓದುವಾಗ ತಲೆಕೆಡುತ್ತದೆ. ಕೆನಡಾದಲ್ಲಿ ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯಾದರೆ ಕೇಂದ್ರ ಸರ್ಕಾರದ ಪೆನಿಟೆನ್ಷಿಯರಿ. ಅದಕ್ಕಿಂತ ಕಮ್ಮಿಯಾದರೆ ಪ್ರಾಂತ್ಯದ ಜೈಲು. ಹಾಗಾಗಿ ನ್ಯಾಯಾಧೀಶರು ಎಷ್ಟೋ ಸಲ "ಎರಡು ವರ್ಷಕ್ಕೆ ಒಂದು ದಿನ ಕಮ್ಮಿ" ಅಂತ ಶಿಕ್ಷೆ ಕೊಡುತ್ತಾರೆ. ಕೇಳಲು ತಮಾಷೆ. ಆದರೆ ಆ ಒಂದು ದಿನ ಸರ್ಕಾರವನ್ನೇ ಬದಲಿಸುತ್ತದೆ. ಯಾವ ಊರಿನ ಜೈಲು, ಯಾವ ತರಬೇತಿ, ಯಾವ ಪೆರೋಲ್ ಲೆಕ್ಕ, ಎಲ್ಲಾ ಬದಲು.

ಪ್ರಾಂತ್ಯದ ಜೈಲುಗಳ ಬಗ್ಗೆ ನಮಗೆ ಪರಿಚಿತವಾದ ಸಂಗತಿಯೊಂದಿದೆ. ಅಲ್ಲಿರುವ ವಯಸ್ಕರಲ್ಲಿ ನೂರಕ್ಕೆ 70ಕ್ಕಿಂತ ಜಾಸ್ತಿ ಜನ ವಿಚಾರಣಾಧೀನರು. ಶಿಕ್ಷೆ ಆಗಿಲ್ಲ, ಕೇಸು ನಡೀತಾ ಇದೆ. ಭಾರತದಲ್ಲೂ ಜೈಲಿನಲ್ಲಿರುವವರ ಮುಕ್ಕಾಲು ಪಾಲು ವಿಚಾರಣಾಧೀನರೇ. ಇವರ ಮಟ್ಟಿಗೆ ಸುಧಾರಣೆ, ಪುನರ್ವಸತಿ ಎಂಬ ಮಾತಿಗೆ ಅರ್ಥವೇ ಇಲ್ಲ. ತಪ್ಪೇ ಸಾಬೀತಾಗದವನಿಗೆ ಯಾವ ಬುದ್ಧಿ ಕಲಿಸುವುದು? ಜೈಲಿನ ತತ್ವದ ಬಗ್ಗೆ ಬರೆದದ್ದರಲ್ಲಿ ಬಹುಪಾಲು ಕೇಂದ್ರದ ಪೆನಿಟೆನ್ಷಿಯರಿಗಳ ಬಗ್ಗೆಯೇ ಇರುವುದು ಇದಕ್ಕೇ. ಈ ಲೇಖನವೂ ಅದೇ ದಾರಿ ಹಿಡಿದಿದೆ, ಒಪ್ಪಿಕೊಳ್ಳುತ್ತೇನೆ.

ಕೆನಡಾದಲ್ಲಿ ಪಿಆರ್ (ಪೌರತ್ವವಿಲ್ಲದೆ ಕಾಯಂ ನೆಲೆಸುವ ಅನುಮತಿ) ಪಡೆದು ನೆಲೆಸಿರುವ ಕನ್ನಡಿಗರಿಗೆ ಇನ್ನೊಂದು ಸಂಖ್ಯೆ ಮುಖ್ಯ: ಆರು ತಿಂಗಳು. ಗಂಭೀರ ಅಪರಾಧದಲ್ಲಿ ಆರು ತಿಂಗಳು ಅಥವಾ ಹೆಚ್ಚು ಜೈಲು ಶಿಕ್ಷೆಯಾದರೆ, ಗಡಿಪಾರಿನ ಆದೇಶದ ವಿರುದ್ಧ ವಲಸೆ ಮೇಲ್ಮನವಿ ವಿಭಾಗಕ್ಕೆ ಹೋಗುವ ಹಕ್ಕು ಹೋಗುತ್ತದೆ. ಪೌರತ್ವ ಇರುವವನಿಗೆ ಬರೀ ಜೈಲು. ಇಲ್ಲದವನಿಗೆ ಜೈಲಿನ ಜೊತೆ ದೇಶವೂ ಹೋಗಬಹುದು.

ರೋಗಿಯಾದ ಕೈದಿ

20ನೇ ಶತಮಾನಕ್ಕೆ ಬರೋಣ. 1930ರ ದಶಕದಲ್ಲಿ ಜೈಲುಗಳಲ್ಲಿ ಸಾಲುಸಾಲು ದಂಗೆ. ಮತ್ತೆ ಆಯೋಗ. 1938ರ ಆರ್ಕಾಂಬೋ ವರದಿ, ಇದು ಹೀಗೆ ನಡೆಯುವುದಿಲ್ಲ, ಶಿಕ್ಷೆಯ ಜೊತೆ ಸುಧಾರಣೆಯೂ ಬೇಕು ಎಂದಿತು. ಅಷ್ಟರಲ್ಲಿ ಮಹಾಯುದ್ಧ ಬಂತು, ವರದಿ ಮೂಲೆ ಸೇರಿತು. 1956ರಲ್ಲಿ ನ್ಯಾಯಮೂರ್ತಿ ಫೋಟೊ (Fauteux) ಅವರ ಸಮಿತಿ ಪೆರೋಲಿಗೆ ಒತ್ತು ಕೊಟ್ಟಿತು. 1959ರಲ್ಲಿ ರಾಷ್ಟ್ರೀಯ ಪೆರೋಲ್ ಮಂಡಳಿ ಬಂತು.

‘ಕರೆಕ್ಷನ್ಸ್’ ಅನ್ನುವ ಪದ ಬಳಕೆಗೆ ಬಂದದ್ದು ಈ ಅಲೆಯಲ್ಲೇ. ತಿದ್ದುವುದು. ಮೇಷ್ಟ್ರು ಕೆಂಪು ಶಾಯಿಯಲ್ಲಿ ಪತ್ರಿಕೆ ತಿದ್ದಿದ ಹಾಗೆ. ನಮ್ಮ ರಾಜ್ಯದ ಇಲಾಖೆಯ ಹೆಸರಿನಲ್ಲೂ ಈಗ ಕಾರಾಗೃಹದ ಪಕ್ಕ ‘ಸುಧಾರಣಾ ಸೇವೆ’ ಸೇರಿದೆ, ಗಮನಿಸಿರಬಹುದು. ಪಶ್ಚಾತ್ತಾಪ ಪಡಬೇಕಾದ ಪಾಪಿ ಈಗ ಚಿಕಿತ್ಸೆ ಬೇಕಾದ ರೋಗಿಯಾದ. ಮನೋವೈದ್ಯರು, ಸಲಹೆಗಾರರು, ಗುಂಪು ಚರ್ಚೆ ಬಂದವು.

ಕೇಳಲು ಎಷ್ಟು ಕರುಣೆಯ ಮಾತು. ಆದರೆ ರೋಗಿ ಎಂದ ಕೂಡಲೇ ವೈದ್ಯನಿಗೆ ಅಧಿಕಾರ ಬರುತ್ತದೆ. 1960ರ ದಶಕದ ಆರಂಭದಲ್ಲಿ ಕಿಂಗ್‌ಸ್ಟನ್‌ನ ಮಹಿಳಾ ಜೈಲಿನಲ್ಲಿ ಕೆಲವು ಕೈದಿಗಳಿಗೆ ಎಲ್‌ಎಸ್‌ಡಿ ಎಂಬ, ಭ್ರಮೆ ಹುಟ್ಟಿಸುವ ಮಾದಕವಸ್ತು ಕೊಟ್ಟು ಪ್ರಯೋಗ ಮಾಡಿದರು. ಚಿಕಿತ್ಸೆಯ ಹೆಸರಿನಲ್ಲೇ. ಜೈಲಿನಲ್ಲಿರುವವರು "ಆಯ್ತು" ಎಂದರೆ ಅದು ಒಪ್ಪಿಗೆಯಾ?

ಹಳೆಯ ಕಿಂಗ್‌ಸ್ಟನ್ ಗೋಡೆಯೊಳಗೆ ಮಾತ್ರ ಗಂಟೆ ಬಾರಿಸುತ್ತಲೇ ಇತ್ತು. ಗುಮ್ಮಟದ ಕೆಳಗೆ ನಡುಮಧ್ಯದಲ್ಲಿದ್ದ ಹಿತ್ತಾಳೆ ಗಂಟೆ ದಿನಕ್ಕೆ ಎಷ್ಟೋ ಸಲ ಹೊಡೆದುಕೊಳ್ಳುತ್ತಿತ್ತು. 1971ರ ಏಪ್ರಿಲ್ 14ರ ರಾತ್ರಿ ಕೈದಿಗಳು ದಂಗೆ ಎದ್ದರು. ಆರು ಕಾವಲುಗಾರರನ್ನು ಒತ್ತೆ ಇಟ್ಟುಕೊಂಡರು. ನಾಲ್ಕು ದಿನ ಜೈಲು ಅವರ ಕೈಯಲ್ಲಿತ್ತು. ಗಂಟೆಯನ್ನು ಬಡಿದು ಒಡೆದರು. ಅದು ಬಂದೂಕಲ್ಲ, ಬೀಗವಲ್ಲ, ಬರೀ ಗಂಟೆ. ಆದರೆ ಅವರ ದಿನವನ್ನು ತುಂಡು ಮಾಡುತ್ತಿದ್ದದ್ದು ಅದೇ. ಒತ್ತೆಯಾಳುಗಳು ಜೀವಂತ ಹೊರಬಂದರು. ಆದರೆ ಕೈದಿಗಳೇ ತಮ್ಮಲ್ಲಿ ಕೆಲವರನ್ನು ಗುಮ್ಮಟದ ಕೆಳಗೆ ಕಟ್ಟಿಹಾಕಿ ಹೊಡೆದರು, ಇಬ್ಬರು ಸತ್ತರು. ದಂಗೆಯನ್ನು ಬರೀ ನ್ಯಾಯದ ಹೋರಾಟವೆಂದು ಬರೆಯುವವರು ಈ ಇಬ್ಬರನ್ನು ಮರೆಯಬಾರದು.

ಇದರ ಬೆನ್ನಿಗೆ 1973ರಲ್ಲಿ ಕೈದಿಗಳ ದೂರು ಕೇಳಲು ಕರೆಕ್ಷನಲ್ ಇನ್ವೆಸ್ಟಿಗೇಟರ್ ಕಚೇರಿ ಶುರುವಾಯಿತು. ಜೈಲು ಇಲಾಖೆಗೆ ಸೇರದ, ಸ್ವತಂತ್ರ ಓಂಬುಡ್ಸ್‌ಮನ್. ಪ್ರತಿವರ್ಷ ಅಲ್ಲಿಂದ ಬರುವ ವರದಿ ಕೆನಡಾದ ಜೈಲು ಓದುವವರಿಗೆ ಇವತ್ತಿಗೂ ಮೊದಲ ಪಠ್ಯ.

ಸಹವಾಸದಿಂದ ಸನ್ಯಾಸಿ ಕೆಟ್ಟ

1974ರಲ್ಲಿ ಅಮೆರಿಕದ ರಾಬರ್ಟ್ ಮಾರ್ಟಿನ್ಸನ್ ಎಂಬ ಸಮಾಜಶಾಸ್ತ್ರಜ್ಞ ಅಲ್ಲಿಯವರೆಗಿನ ಸುಧಾರಣಾ ಕಾರ್ಯಕ್ರಮಗಳ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ಒಂದು ಲೇಖನ ಬರೆದ. ಜನ ಅದರಿಂದ ಹೆಕ್ಕಿಕೊಂಡದ್ದು ಒಂದೇ ಮಾತು: "ಏನೂ ಕೆಲಸ ಮಾಡಲ್ಲ." ಅಮೆರಿಕ ಸುಧಾರಣೆಯ ಆಸೆ ಬಿಟ್ಟು ಉದ್ದುದ್ದ ಶಿಕ್ಷೆಗಳ ಕಡೆ ಹೊರಳಿತು.

ಗಡಿಯಾಚೆ ಕೆನಡಾದ ಕೆಲವು ಮನಶ್ಶಾಸ್ತ್ರಜ್ಞರು ಇದನ್ನು ಒಪ್ಪಲಿಲ್ಲ. ಪಾಲ್ ಜಾಂಡ್ರೋ, ರಾಬರ್ಟ್ ರಾಸ್, ಒಟ್ಟಾವದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ಡಾನ್ ಆಂಡ್ರೂಸ್, ಜೇಮ್ಸ್ ಬಾಂಟಾ. ಇವರಲ್ಲಿ ಹಲವರು ಜೈಲುಗಳಲ್ಲೇ ಕೆಲಸ ಮಾಡಿದವರು. ಅವರ ಪ್ರಶ್ನೆ ಸರಳ. ಏನೂ ಕೆಲಸ ಮಾಡಲ್ಲವಾ, ಅಥವಾ ಎಲ್ಲರಿಗೂ ಒಂದೇ ಕಷಾಯ ಕುಡಿಸಿ ಸರಾಸರಿ ನೋಡುತ್ತಿದ್ದೀವಾ? 1990ರ ಹೊತ್ತಿಗೆ ಇದು ಒಂದು ಸಿದ್ಧಾಂತವಾಯಿತು. ರಿಸ್ಕ್ (ಮತ್ತೆ ಅಪರಾಧ ಮಾಡುವ ಅಪಾಯ), ನೀಡ್ (ತಿದ್ದಬೇಕಾದ ಅಂಶ), ರೆಸ್ಪಾನ್ಸಿವಿಟಿ (ಅವನಿಗೆ ಹೊಂದುವ ವಿಧಾನ), ಚುಟುಕಾಗಿ ಆರ್‌ಎನ್‌ಆರ್. ಇವತ್ತು ಜಗತ್ತಿನ ಎಷ್ಟೋ ದೇಶಗಳ ಜೈಲುಗಳಲ್ಲಿ ಇದೇ ಬಳಕೆಯಲ್ಲಿದೆ. ಕೆನಡಾ ಈ ಕ್ಷೇತ್ರದಲ್ಲಿ ಜಗತ್ತಿಗೆ ಕೊಟ್ಟ ದೊಡ್ಡ ರಫ್ತು ಇದು. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಇಬ್ಬರು ಕೈದಿಗಳಿದ್ದಾರೆ ಅಂದುಕೊಳ್ಳಿ. ಒಬ್ಬನಿಗೆ 45. ಲೆಕ್ಕಪತ್ರದ ಕೆಲಸದಲ್ಲಿದ್ದ. ಮೊದಲ ಸಲ ಕೈ ಹಾಕಿದ, ಸಿಕ್ಕಿಬಿದ್ದ. ಮನೆಯಲ್ಲಿ ಹೆಂಡತಿ, ಮಕ್ಕಳು ಕಾಯುತ್ತಿದ್ದಾರೆ. ಇನ್ನೊಬ್ಬನಿಗೆ 23. ಹದಿನಾಲ್ಕರಿಂದ ಒಳಗೆ ಹೊರಗೆ ಆಡುತ್ತಿದ್ದಾನೆ. ಕುಡಿತ, ಕೆಲಸವಿಲ್ಲ, ಓದು ಅರ್ಧಕ್ಕೇ ನಿಂತಿದೆ, ಗೆಳೆಯರೆಲ್ಲ ಅದೇ ಪಟಾಲಂ.

ಮೊದಲ ಪ್ರಶ್ನೆ, ಯಾರಿಗೆ? ನಮ್ಮ ಮನಸ್ಸು ಮೊದಲನೆಯವನ ಕಡೆ ವಾಲುತ್ತದೆ. ಪಾಪ, ಒಳ್ಳೆಯ ಮನುಷ್ಯ, ಬೇಗ ಸುಧಾರಿಸುತ್ತಾನೆ ಅಂತ. ಆರ್‌ಎನ್‌ಆರ್ ಹೇಳುವುದು ಉಲ್ಟಾ. ಹೆಚ್ಚು ಸಮಯ, ಹಣ, ತರಬೇತಿ ಎರಡನೆಯವನಿಗೇ ಹೋಗಬೇಕು. ಮತ್ತೆ ಅಪರಾಧ ಮಾಡುವ ಸಾಧ್ಯತೆ ಅವನಿಗೆ ಜಾಸ್ತಿ, ಬದಲಾದರೆ ಲಾಭವೂ ಅಲ್ಲೇ ಜಾಸ್ತಿ. ಮೊದಲನೆಯವನನ್ನು ಸುಮ್ನೆ ಬಿಟ್ಟರೆ ಸಾಕು. ಎಳೆದು ತಂದು ಎರಡನೆಯವನಂಥವರ ಗುಂಪಿನಲ್ಲಿ ಕೂರಿಸಿದರೆ ಅವನೇ ಕೆಡುತ್ತಾನೆ. ಸಹವಾಸದಿಂದ ಸನ್ಯಾಸಿ ಕೆಟ್ಟ ಅಂತ ನಾವು ಹೇಳುವುದನ್ನೇ ಇವರು ಅಂಕಿ ಹಾಕಿ ತೋರಿಸಿದರು.

ಎರಡನೆಯ ಪ್ರಶ್ನೆ, ಯಾವುದನ್ನು ತಿದ್ದಬೇಕು? ಹಿಂದೆ ಮಾಡಿದ್ದನ್ನು ಬದಲಿಸಲಾಗದು. ಆದರೆ ಕುಡಿತ, ಸಹವಾಸ, ಕೆಲಸ, ಮನೆಯ ಸಂಬಂಧ, "ಸಿಕ್ಕಿಬೀಳದಿದ್ದರೆ ತಪ್ಪೇನಲ್ಲ" ಎನ್ನುವಂಥ ಯೋಚನೆ, ಇವನ್ನು ಬದಲಿಸಬಹುದು. ಪಟ್ಟಿಯಲ್ಲಿ ಬಿಡುವಿನ ವೇಳೆಯೂ ಇದೆ. ಸಂಜೆ ಹೊತ್ತು ಮಾಡಲು ಏನಾದರೂ ಇದೆಯಾ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಆತ್ಮವಿಶ್ವಾಸ ಹೆಚ್ಚಿಸುವುದು ಮಾತ್ರ ಮುಖ್ಯ ಪಟ್ಟಿಯಲ್ಲಿ ಇಲ್ಲ. ಹಳೇ ಯೋಚನೆಯನ್ನೇ ಇಟ್ಟುಕೊಂಡವನಿಗೆ ಆತ್ಮವಿಶ್ವಾಸ ತುಂಬಿದರೆ ಏನಾಗುತ್ತದೆ ಅಂತ ಯೋಚಿಸಿ!

ಮೂರನೆಯದು, ಹೇಗೆ? ಓದು ಬಾರದವನಿಗೆ ವರ್ಕ್‌ಬುಕ್ ಕೊಟ್ಟು, "ಸಹಕರಿಸುತ್ತಿಲ್ಲ" ಅಂತ ಷರಾ ಬರೆಯಬೇಡಿ. ಮಾಡಿ ತೋರಿಸಿ, ಅಭ್ಯಾಸ ಮಾಡಿಸಿ.

ಇಷ್ಟು ಸರಳವಾದದ್ದಕ್ಕೆ ಸಿದ್ಧಾಂತ ಯಾಕೆ ಬೇಕಿತ್ತು ಅನ್ನಿಸಬಹುದು. ಬರೀ ಶಿಕ್ಷೆಯನ್ನು ಜಾಸ್ತಿ ಮಾಡಿದರೆ ಮರು ಅಪರಾಧ ಕಮ್ಮಿಯಾಗುವುದಿಲ್ಲ, ಈ ಮೂರನ್ನು ಪಾಲಿಸಿದರೆ ಕಮ್ಮಿಯಾಗುತ್ತದೆ ಎಂದು ಅಧ್ಯಯನಗಳನ್ನು ಒಟ್ಟುಮಾಡಿ ತೋರಿಸಿದ್ದು ಇವರ ಸಾಧನೆ. ಮನಸ್ಸಿಗೆ ಹಿತವಾಗುವ ಶಿಕ್ಷೆ ಬೇರೆ, ಫಲ ಕೊಡುವ ಕೆಲಸ ಬೇರೆ ಎಂದು ಲೆಕ್ಕ ಕೊಟ್ಟು ಹೇಳಿದರು.

ಹಾಗಂತ ಇದೂ ಸೋಸಿದ ನೀರಲ್ಲ. ರಿಸ್ಕ್ ಅಳೆಯಲು ಪ್ರಶ್ನಾವಳಿ ಬೇಕು. ಅದರಲ್ಲಿ ಓದು, ಕೆಲಸ, ಮನೆ, ನೆರೆಹೊರೆ, ಗೆಳೆಯರು ಎಲ್ಲದಕ್ಕೂ ಅಂಕ. ಈಗ ಒಬ್ಬ ಮೂಲನಿವಾಸಿಯನ್ನು ಈ ಪ್ರಶ್ನಾವಳಿಯ ಮುಂದೆ ಕೂರಿಸಿ. ಅವನ ಅಜ್ಜ ಅಜ್ಜಿಯನ್ನು ಚಿಕ್ಕಂದಿನಲ್ಲೇ ಮನೆಯಿಂದ ಕಿತ್ತು, ತಾಯ್ನುಡಿ ಮರೆಸುವ ವಸತಿ ಶಾಲೆಗೆ ಸರ್ಕಾರವೇ ಹಾಕಿತ್ತು. ಅಪ್ಪ ಅಮ್ಮನಿಗೆ ಮನೆ ಅಂದರೇನೆಂದು ಕಲಿಯಲು ಅವಕಾಶವೇ ಸಿಗಲಿಲ್ಲ. ಊರಲ್ಲಿ ಕೆಲಸವಿಲ್ಲ. ಪ್ರಶ್ನಾವಳಿ ಇದನ್ನೆಲ್ಲ ಕೂಡಿಸಿ "ರಿಸ್ಕ್ ಜಾಸ್ತಿ" ಎನ್ನುತ್ತದೆ. ರಿಸ್ಕ್ ಜಾಸ್ತಿ ಎಂದರೆ ಬಿಗಿ ಭದ್ರತೆಯ ಜೈಲು, ತಡವಾದ ಪೆರೋಲ್. ಅಲ್ಲಿಗೆ ಸರ್ಕಾರ ಮಾಡಿದ ತಪ್ಪು ಕೈದಿಯ ಖಾತೆಗೆ ಜಮಾ. 2018ರಲ್ಲಿ ಎವರ್ಟ್ ಪ್ರಕರಣದಲ್ಲಿ ಕೆನಡಾದ ಸುಪ್ರೀಂ ಕೋರ್ಟು ಇದನ್ನು ಹಿಡಿಯಿತು. ಕೆಲವು ಮಾಪನಗಳು ಮೂಲನಿವಾಸಿಗಳ ವಿಷಯದಲ್ಲಿ ಸರಿಯಾಗಿ ಅಳೆಯುತ್ತವೆಯೇ ಎಂದು ಜೈಲು ಇಲಾಖೆ ಪರೀಕ್ಷಿಸಿಯೇ ಇಲ್ಲ, ಇದು ಕಾನೂನಿನ ಉಲ್ಲಂಘನೆ ಎಂದಿತು.

ಕೆನಡಾದ ಜನಸಂಖ್ಯೆಯಲ್ಲಿ ಮೂಲನಿವಾಸಿಗಳು ನೂರಕ್ಕೆ ಸುಮಾರು 5. ಕೇಂದ್ರ ಜೈಲುಗಳಲ್ಲಿ ಹೆಚ್ಚುಕಮ್ಮಿ ಮೂರರಲ್ಲೊಬ್ಬರು. ಮಹಿಳಾ ಕೈದಿಗಳಲ್ಲಂತೂ ಸುಮಾರು ಅರ್ಧ. ಶಿಕ್ಷೆ ಕೊಡುವಾಗ ಮೂಲನಿವಾಸಿಗಳ ಹಿನ್ನೆಲೆ ನೋಡಿ, ಜೈಲಿಗೆ ಬದಲಿ ದಾರಿ ಇದೆಯೇ ಯೋಚಿಸಿ ಎಂದು 1996ರಲ್ಲೇ ಕಾನೂನು ಬಂತು. 1999ರ ಗ್ಲಾಡ್ಯೂ ತೀರ್ಪು ಅದಕ್ಕೆ ಬಲ ಕೊಟ್ಟಿತು. ಆ ಮೇಲೂ ಪಾಲು ಏರಿದೆಯೇ ಹೊರತು ಇಳಿದಿಲ್ಲ. ಕೆನಡಾದ ಜೈಲು ತತ್ವದ ಬಗ್ಗೆ ಯಾರಾದರೂ ಹೊಗಳಿ ಭಾಷಣ ಮಾಡಿದರೆ ಈ ಒಂದು ಲೆಕ್ಕವನ್ನು ಕೇಳಿ.

ಸೆರೆಮನೆಯಲ್ಲಿ ಮನೆ

ಕನ್ನಡದಲ್ಲಿ ಸೆರೆಮನೆ ಅಂತೀವಿ. ಮನೆ ಎನ್ನುವುದು ಆ ಪದದೊಳಗೇ ಇದೆ. 1990ರ ದಶಕದಲ್ಲಿ ಕೆನಡಾ ಇದನ್ನು ನಿಜವಾಗಿ ಪ್ರಯತ್ನಿಸಿ ನೋಡಿತು.

ಅದಕ್ಕೂ ಮೊದಲು ಕೇಂದ್ರದ ಮಹಿಳಾ ಜೈಲು ಇಡೀ ದೇಶಕ್ಕೆ ಒಂದೇ, ಕಿಂಗ್‌ಸ್ಟನ್‌ನಲ್ಲಿ, 1934ರಿಂದ. ಪಶ್ಚಿಮ ಕರಾವಳಿಯ ಹೆಂಗಸಿಗೆ ಶಿಕ್ಷೆಯಾದರೆ ಮಕ್ಕಳಿಂದ ಸಾವಿರಾರು ಕಿಲೋಮೀಟರ್ ದೂರ. ಇದು ಕರಡಿಗಳಿಗೂ ಲಾಯಕ್ಕಲ್ಲ, ಹೆಂಗಸರ ಮಾತು ಹಾಗಿರಲಿ ಎಂದು 1977ರಲ್ಲಿ ಸಂಸದೀಯ ಸಮಿತಿಯೇ ಬರೆದಿತ್ತು. 1990ರಲ್ಲಿ ಕಾರ್ಯಪಡೆಯೊಂದು ಹೊಸ ನಕ್ಷೆ ಕೊಟ್ಟಿತು. ಬೇರೆ ಬೇರೆ ಪ್ರದೇಶಗಳಲ್ಲಿ ಚಿಕ್ಕ ಜೈಲುಗಳು, ಒಳಗೆ ಸಾಲು ಕೋಣೆಗಳ ಬದಲು ಪುಟ್ಟ ಮನೆಗಳು. ಕೆಲವರು ಸೇರಿ ಒಂದು ಮನೆಯಲ್ಲಿರುವುದು, ದಿನಸಿ ಲೆಕ್ಕ ಹಾಕಿ ತಾವೇ ಅಡುಗೆ ಮಾಡಿಕೊಳ್ಳುವುದು. ವರ್ಷಗಟ್ಟಲೆ ಇನ್ನೊಬ್ಬರು ಬಡಿಸಿದ್ದು ತಿಂದು ಹೊರಬಂದವರಿಗೆ ಸೊಪ್ಪಿನ ಬೆಲೆ ಕೇಳುವುದೂ ಮರೆತಿರುತ್ತದೆ. ಅಡುಗೆಮನೆಯೇ ತರಬೇತಿ ಎಂಬ ಈ ಯೋಚನೆ ನನಗೆ ಇಡೀ ಇತಿಹಾಸದಲ್ಲೇ ಹೆಚ್ಚು ಹಿಡಿಸಿದ್ದು.

ಸಸ್ಕ್ಯಾಚೆವಾನ್ ಪ್ರಾಂತ್ಯದ ಮೇಪಲ್ ಕ್ರೀಕ್ ಹತ್ತಿರ 1995ರಲ್ಲಿ ತೆರೆದ ಒಕಿಮಾ ಒಹ್ಚಿ ಇನ್ನೂ ಮುಂದೆ ಹೋಯಿತು. ಇದು ನೆಕಾನೀಟ್ ಬುಡಕಟ್ಟಿನ ನೆಲದಲ್ಲಿದೆ. ನಡುವೆ ಪ್ರಾರ್ಥನೆಗೆ ದುಂಡಗಿನ ಮನೆ. ದಾರಿ ತೋರಲು ಸಮುದಾಯದ ಹಿರಿಯರು. ಮುಖ್ಯಸ್ಥೆಯನ್ನು ವಾರ್ಡನ್ ಎನ್ನದೆ ಕ್ರೀ ಭಾಷೆಯಲ್ಲಿ ‘ಕಿಕಾವಿನಾ’ ಎನ್ನುತ್ತಾರೆ. ‘ನಮ್ಮ ತಾಯಿ’ ಅಂತ ಅರ್ಥ.

ಆದರೆ ಹಳೆಯ ಜೈಲು ಸುಲಭವಾಗಿ ಸಾಯಲಿಲ್ಲ. 1994ರ ಏಪ್ರಿಲ್‌ನಲ್ಲಿ ಕಿಂಗ್‌ಸ್ಟನ್ ಮಹಿಳಾ ಜೈಲಿನಲ್ಲಿ ಗಲಾಟೆಯಾದಾಗ ಗಂಡಸರ ತುರ್ತು ಪಡೆಯನ್ನು ಒಳಗೆ ಬಿಟ್ಟು, ಹೆಂಗಸರ ಬಟ್ಟೆ ಬಿಚ್ಚಿಸಿದರು. ಎಲ್ಲವೂ ವಿಡಿಯೋ ಆಗಿತ್ತು. 1995ರಲ್ಲಿ ಟಿವಿಯಲ್ಲಿ ಬಂದಾಗ ದೇಶ ಬೆಚ್ಚಿತು. ನ್ಯಾಯಮೂರ್ತಿ ಲೂಯಿಸ್ ಆರ್ಬರ್ 1996ರ ವರದಿಯಲ್ಲಿ ಜೈಲಿನೊಳಗೆ ಕಾನೂನಿನ ಆಳ್ವಿಕೆಯೇ ಕಾಣುತ್ತಿಲ್ಲ ಎಂದು ಬರೆದರು. ಅದೂ ಯಾವಾಗ? 1992ರಲ್ಲಿ ಹೊಸ ಕಾನೂನು ಬಂದಾಗಿತ್ತು. ಅದರ ಪ್ರಕಾರ ಜೈಲು ಇಲಾಖೆಗೆ ಎರಡು ಕೆಲಸ: ಸುರಕ್ಷಿತವಾಗಿ, ಮಾನವೀಯವಾಗಿ ಇಟ್ಟುಕೊಳ್ಳುವುದು, ಸಮಾಜಕ್ಕೆ ಮರಳಲು ನೆರವಾಗುವುದು. ಆ ಕಾನೂನಿನ ಹಿಂದಿದ್ದ ತತ್ವ ಇಷ್ಟೇ: ಜೈಲಿಗೆ ಕಳಿಸಿದ್ದೇ ಶಿಕ್ಷೆ, ಒಳಗೆ ಹೋದ ಮೇಲೆ ಮತ್ತೆ ಶಿಕ್ಷಿಸಲಿಕ್ಕಲ್ಲ. ಸ್ವಾತಂತ್ರ್ಯ ಹೋಗಿದೆ, ಉಳಿದ ಹಕ್ಕು ಉಳಿದಿದೆ. 2002ರ ಸೊವೆ ತೀರ್ಪಿನ ನಂತರ ಕೆನಡಾದಲ್ಲಿ ಎಲ್ಲಾ ಕೈದಿಗಳೂ ಮತ ಹಾಕುತ್ತಾರೆ. ನಮ್ಮಲ್ಲಿ ಕೈದಿಗಳಿಗೆ ಆ ಹಕ್ಕಿಲ್ಲ.

ಬಾಗಿಲು ಎಷ್ಟು ಹೊತ್ತು ತೆರೆದಿತ್ತು?

ಈಗ ಗಡಿಯಾರದ ಸರದಿ. ಜೈಲಿನೊಳಗೊಂದು ಜೈಲಿದೆ. ಇಲಾಖೆ ಅದನ್ನು ‘ಅಡ್ಮಿನಿಸ್ಟ್ರೇಟಿವ್ ಸೆಗ್ರಿಗೇಷನ್’, ಅಂದರೆ ಆಡಳಿತದ ಕಾರಣಕ್ಕೆ ಬೇರೆ ಇಡುವುದು, ಎನ್ನುತ್ತಿತ್ತು. ಕೈದಿಗಳು ‘ಹೋಲ್’ ಎನ್ನುತ್ತಾರೆ. ಗುಂಡಿ. ದಿನಕ್ಕೆ 22, 23 ಗಂಟೆ ಒಬ್ಬನೇ ಒಳಗೆ. ಎಷ್ಟು ದಿನ ಅನ್ನುವುದಕ್ಕೆ ಮಿತಿಯೇ ಇರಲಿಲ್ಲ. ಕಾಗದದ ಮೇಲೆ ಇದು ಶಿಕ್ಷೆಯೂ ಅಲ್ಲ, ಬರೀ ‘ಆಡಳಿತ’.

ಆಶ್ಲಿ ಸ್ಮಿತ್ ಎಂಬ ಹುಡುಗಿ 15ರ ವಯಸ್ಸಿಗೆ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದಲ್ಲಿ ಒಳಗೆ ಹೋದಳು. ಅದಕ್ಕೆ ದಾರಿಯಾದ ತಪ್ಪುಗಳಲ್ಲಿ ಒಂದು, ಅಂಚೆಯವನ ಮೇಲೆ ಕಾಡು ಸೇಬು ಎಸೆದದ್ದು. ಒಳಗೆ ಮಾಡಿದ ತಂಟೆಗೆ ಶಿಕ್ಷೆ ಬೆಳೆಯುತ್ತಾ ಹೋಗಿ ಕೇಂದ್ರ ಜೈಲಿಗೆ ಬಂದಳು. ಒಂದು ವರ್ಷವೂ ತುಂಬುವ ಮೊದಲೇ ಅವಳನ್ನು 17 ಸಲ ಜಾಗ ಬದಲಿಸಿದರು. ಹೆಚ್ಚಿನ ಸಮಯ ಒಂಟಿ ಕೋಣೆ. 2007ರ ಅಕ್ಟೋಬರ್ 19ರಂದು, 19ನೇ ವಯಸ್ಸಿಗೆ, ತನಗೆ ತಾನೇ ಹಾನಿ ಮಾಡಿಕೊಂಡು ಸತ್ತಳು. ಕಾವಲುಗಾರರು ಬಾಗಿಲ ಹೊರಗೆ ನಿಂತು ನೋಡುತ್ತಿದ್ದರು. ಉಸಿರಾಡುತ್ತಿರುವವರೆಗೆ ಒಳಗೆ ಹೋಗಬೇಡಿ ಎಂದು ಮೇಲಿನಿಂದ ಆದೇಶವಿತ್ತು. 2013ರಲ್ಲಿ ವಿಚಾರಣಾ ಜ್ಯೂರಿ ಇದನ್ನು ‘ಹೋಮಿಸೈಡ್’, ಅಂದರೆ ಇತರರಿಂದಾದ ಸಾವು ಎಂದು ತೀರ್ಮಾನಿಸಿತು. ಇದು ನಡೆದದ್ದು ಕಿಚನರ್ ಊರಿನ ಗ್ರ್ಯಾಂಡ್ ವ್ಯಾಲಿಯಲ್ಲಿ. ಅಡುಗೆಮನೆಯ ಕನಸಿನಿಂದ ಹುಟ್ಟಿದ ಆ ಹೊಸ ಜೈಲುಗಳಲ್ಲಿ ಅದೂ ಒಂದು.

2018, 2019ರಲ್ಲಿ ಬ್ರಿಟಿಷ್ ಕೊಲಂಬಿಯಾ ಮತ್ತು ಒಂಟಾರಿಯೋ ನ್ಯಾಯಾಲಯಗಳು ಈ ಪದ್ಧತಿಯನ್ನು ಸಂವಿಧಾನಕ್ಕೆ ವಿರುದ್ಧ ಎಂದವು. ಸರ್ಕಾರ ಕಾನೂನು ತಿದ್ದಿತು. 2019ರ ನವೆಂಬರ್ 30ರಿಂದ ಗುಂಡಿಗೆ ಹೊಸ ಹೆಸರು: ‘ಸ್ಟ್ರಕ್ಚರ್ಡ್ ಇಂಟರ್ವೆನ್ಷನ್ ಯೂನಿಟ್’. ಹೆಸರು ಉದ್ದವಾದಷ್ಟೂ ನನಗೆ ಅನುಮಾನ ಜಾಸ್ತಿ. ಆದರೆ ಈ ಸಲ ಒಂದು ಒಳ್ಳೆಯ ಕೆಲಸವಾಯಿತು. ಅಂಕಿಗಳು ಕಾನೂನಿನೊಳಗೇ ಬಂದವು. ದಿನಕ್ಕೆ ನಾಲ್ಕು ಗಂಟೆ ಕೋಣೆಯ ಹೊರಗೆ, ಅದರಲ್ಲಿ ಎರಡು ಗಂಟೆ ಮನುಷ್ಯರ ಜೊತೆ ನಿಜವಾದ ಒಡನಾಟ. ಪ್ರತಿಯೊಬ್ಬ ಕೈದಿಯ ಲೆಕ್ಕವನ್ನೂ ದಾಖಲಿಸಬೇಕು.

ಇದರ ಮೇಲೆ ಕಣ್ಣಿಡಲು ಒಂದು ಸಲಹಾ ಸಮಿತಿ ನೇಮಿಸಿದರು. ಮುಖ್ಯಸ್ಥರು ಟೊರಾಂಟೋ ವಿಶ್ವವಿದ್ಯಾಲಯದ ಅಪರಾಧಶಾಸ್ತ್ರಜ್ಞ ಆಂಟನಿ ಡೂಬ್. ಸಮಿತಿ ಅಂಕಿಅಂಶ ಕೇಳಿತು. ಬರಲಿಲ್ಲ. ಮತ್ತೆ ಕೇಳಿತು. 2020ರ ಬೇಸಿಗೆಗೆ ಸಮಿತಿಯ ಅವಧಿಯೇ ಮುಗಿಯಿತು. ಮಾಹಿತಿಯೇ ಕೊಡಲಿಲ್ಲ, ನಾವೇನು ಪರಿಶೀಲಿಸುವುದು ಎಂದು ಡೂಬ್ ಬಹಿರಂಗವಾಗಿ ಹೇಳಿದರು. ಸುದ್ದಿಯಾದ ಮೇಲೆ ಕಡತ ಬಂತು. ಅವರು ಇನ್ನೊಬ್ಬ ಅಪರಾಧಶಾಸ್ತ್ರಜ್ಞೆ ಜೇನ್ ಸ್ಪ್ರಾಟ್ ಜೊತೆ ಕೂತು ಗಂಟೆಗಳನ್ನು ಕೂಡಿಸಿ ಕಳೆದರು. 2021ರಲ್ಲಿ ಹೊರಬಂದ ಲೆಕ್ಕ: ಆ ಘಟಕಗಳ ವಾಸಗಳಲ್ಲಿ ನೂರಕ್ಕೆ ಸುಮಾರು 28 ವಿಶ್ವಸಂಸ್ಥೆಯ ನಿಯಮದ ಪ್ರಕಾರ ಒಂಟಿ ಸೆರೆಯೇ. ಇನ್ನೂ ನೂರಕ್ಕೆ ಸುಮಾರು 10 ವಾಸಗಳಲ್ಲಿ ಇದೇ ಒಂಟಿ ಸೆರೆ ಹದಿನೈದು ದಿನ ದಾಟಿತ್ತು. ಆ ನಿಯಮಗಳು ಇಂಥದ್ದಕ್ಕೆ ಇಡುವ ಹೆಸರು ಚಿತ್ರಹಿಂಸೆ ಅಥವಾ ಕ್ರೂರ, ಅಮಾನವೀಯ ನಡವಳಿಕೆ.

"ಕೈದಿಗಳೇ ಹೊರಗೆ ಬರಲು ಒಪ್ಪಲಿಲ್ಲ" ಎಂಬ ಮಾತೂ ಬಂತು. ಹಾಗಿದ್ದರೆ ದೇಶದ ಒಂದು ಭಾಗಕ್ಕೂ ಇನ್ನೊಂದಕ್ಕೂ ಲೆಕ್ಕದಲ್ಲಿ ಅಷ್ಟು ವ್ಯತ್ಯಾಸ ಯಾಕೆ? ಒಂದು ಕಡೆಯ ಕೈದಿಗಳಿಗೆ ಮಾತ್ರ ಬಿಸಿಲು ಬೇಡವಾ? 1848ರ ಆಯೋಗದ ಕೈಯಲ್ಲಿ ಛಡಿಯ ರಿಜಿಸ್ಟರ್ ಮಾಡಿದ ಕೆಲಸವನ್ನು ಇಲ್ಲಿ ಕಂಪ್ಯೂಟರ್ ಕಡತ ಮಾಡಿತು.

ಇನ್ನೊಂದು ಅಂಕಿ ಹೇಳಿಬಿಡುತ್ತೇನೆ. ಕೇಂದ್ರ ಜೈಲಿನಲ್ಲಿ ಕೈದಿಯ ಗರಿಷ್ಠ ಕೂಲಿ ದಿನಕ್ಕೆ 6 ಡಾಲರ್ 90 ಸೆಂಟ್. ನಿಗದಿಯಾದದ್ದು 1981ರಲ್ಲಿ. 2013ರಿಂದ ಅದರಲ್ಲೂ ಊಟ, ವಸತಿ, ಫೋನ್ ಬಾಬ್ತು ನೂರಕ್ಕೆ 30 ಕಡಿತ. ಸಮಾಜಕ್ಕೆ ಮರಳಲು ನೆರವಾಗುವುದೇ ಗುರಿ ಎಂದು ಕಾನೂನಿನ ಪುಸ್ತಕದಲ್ಲಿದೆ. ಬಿಡುಗಡೆಯ ದಿನ ಬಾಡಿಗೆಯ ಅಡ್ವಾನ್ಸ್ ಎಲ್ಲಿಂದ ತರುವುದು ಅಂತ ಬರೆದಿಲ್ಲ.

ಜೈಲಿಲ್ಲದ ಒಂದು ಕಥೆ

ಅದೇ 1974. ಅಮೆರಿಕದಲ್ಲಿ "ಏನೂ ಕೆಲಸ ಮಾಡಲ್ಲ" ಎಂದ ವರ್ಷ. ಒಂಟಾರಿಯೋದ ಎಲ್ಮೈರಾ ಅನ್ನುವುದು ಚಿಕ್ಕ ಊರು. ಸುತ್ತಮುತ್ತ ಮೆನೊನೈಟ್ ಎಂಬ ಕ್ರೈಸ್ತ ಪಂಥದ ರೈತರು, ರಸ್ತೆಯಲ್ಲಿ ಈಗಲೂ ಕುದುರೆಗಾಡಿ. ಇಬ್ಬರು ಹುಡುಗರು ಕುಡಿದು ಒಂದೇ ರಾತ್ರಿ 22 ಕಡೆ ದಾಂಧಲೆ ಮಾಡಿದರು. ಕಾರಿನ ಟೈರು ಕೊಯ್ದರು, ಕಿಟಕಿ ಗಾಜು ಪುಡಿ ಮಾಡಿದರು. ಬೆಳಗಾಗುವಷ್ಟರಲ್ಲಿ ಸಿಕ್ಕಿಬಿದ್ದರು.

ಮಾರ್ಕ್ ಯಾಂಟ್ಜಿ ಎಂಬ ಪ್ರೊಬೇಷನ್ ಅಧಿಕಾರಿ, ತಾನೂ ಮೆನೊನೈಟ್, ನ್ಯಾಯಾಧೀಶರ ಮುಂದೆ ಒಂದು ಮಾತು ಇಟ್ಟ. ಇವರು ಆ ಮನೆಗಳಿಗೇ ಹೋಗಿ ಎದುರಿಗೆ ನಿಂತರೆ ಹೇಗೆ? ಕಾನೂನಿನಲ್ಲಿ ಅಂಥದ್ದೊಂದು ದಾರಿಯೇ ಇರಲಿಲ್ಲ. ನ್ಯಾಯಾಧೀಶರು ಒಪ್ಪಿದರು. ಹುಡುಗರು ಮನೆಮನೆಯ ಬಾಗಿಲು ತಟ್ಟಿದರು. ನಾವೇ ಮಾಡಿದ್ದು ಎಂದರು. ಎಷ್ಟು ನಷ್ಟವಾಯಿತು ಎಂದು ಕೇಳಿದರು. ಹಿಂದೆ ಯಾಂಟ್ಜಿ ಮತ್ತು ಜೊತೆಗಾರ ನೋಟ್‌ಪುಸ್ತಕ ಹಿಡಿದು ನಿಂತಿದ್ದರು. ಕೆಲವರು ಬೈದರು. ಕೆಲವರು ಒಳಗೆ ಕರೆದರು. ಆ ರಾತ್ರಿಯಿಂದ ನಿದ್ದೆ ಬಂದಿಲ್ಲ, ನಮ್ಮ ಮನೆಯನ್ನೇ ಯಾಕೆ ಆರಿಸಿಕೊಂಡಿರಿ ಎಂದು ಕೇಳಿದರು. ಆರಿಸಿಕೊಂಡೇ ಇರಲಿಲ್ಲ, ಸುಮ್ನೆ ಕಂಡದ್ದಕ್ಕೆಲ್ಲ ಹೊಡೆದಿದ್ದರು. ಅದನ್ನು ಬಾಯಿ ಬಿಟ್ಟು ಹೇಳಬೇಕಾಗಿತ್ತು, ಒಂದಲ್ಲ, ಮನೆಮನೆಗೂ.

ರೆಸ್ಟೋರೇಟಿವ್ ಜಸ್ಟಿಸ್, ಅಂದರೆ ಆದ ಹಾನಿಯನ್ನು ಸರಿಪಡಿಸುವ ನ್ಯಾಯ, ಅಂತ ಇವತ್ತು ಜಗತ್ತಿನಾದ್ಯಂತ ಪಾಠ ಮಾಡುವವರು ಈ ಕಥೆಯಿಂದಲೇ ಶುರುಮಾಡುತ್ತಾರೆ. ಕೆಲವು ತಿಂಗಳಾದ ಮೇಲೆ ಹುಡುಗರು ಅದೇ ಬಾಗಿಲುಗಳನ್ನು ಮತ್ತೆ ತಟ್ಟಿದರು. ಈ ಸಲ ಕೈಯಲ್ಲಿ ಚೆಕ್ಕಿತ್ತು.